ಶ್ರೀಲಂಕಾಕ್ಕೆ ಹತ್ತು ದಿನ: ಅಕ್ಟೋಬರಾ, ಏಪ್ರಿಲ್ಲಾ? ಮಳೆ, ಕಾಡು, ಹಳೆ ರಾಜಧಾನಿ, ಊಟ

ಪ್ರಶ್ನೆ: ತುಂಗಾತೀರ

ಮನೆಯವರು ನಾಲ್ಕು ಜನ ಹೊರಟಿದ್ದೇವೆ. ನಾವಿಬ್ಬರು, ಹನ್ನೆರಡು ವರ್ಷದ ಮಗಳು, 68ರ ಅತ್ತೆ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ, ಒಟ್ಟು ಹತ್ತು ದಿನ. ಸಿಗುವ ರಜೆ ಎರಡೇ: ಅಕ್ಟೋಬರ್ ಮೊದಲ ಎರಡು ವಾರ ಇಲ್ಲವೇ ಏಪ್ರಿಲ್. ಟೂರಿನವರು ಕೊಟ್ಟ ಪಟ್ಟಿಯಲ್ಲಿ ಕೊಲಂಬೊ, ಕ್ಯಾಂಡಿ, ನುವರ ಎಳಿಯ, ಎಲ್ಲ, ಯಾಲ, ಬೆಂತೋಟ ಇವೆ. (‘ಎಲ್ಲ’ ಅಂದರೆ ಎಲ್ಲಾ ಊರೂ ಅಂದುಕೊಂಡಿದ್ದೆವು, ಅದು ಊರಿನ ಹೆಸರಂತೆ!) ಹಳೆಯ ರಾಜಧಾನಿಗಳಾದ ಅನುರಾಧಪುರ, ಪೊಲೊನ್ನರುವ ಪಟ್ಟಿಯಲ್ಲೇ ಇಲ್ಲ.

ಮಳೆಗಾಲ ಮೇ–ಸೆಪ್ಟೆಂಬರ್ ಅಂತ ಒಬ್ಬರು, ಡಿಸೆಂಬರ್–ಫೆಬ್ರವರಿ ಅಂತ ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ? ಆನೆ, ಚಿರತೆ ನಮ್ಮ ನಾಗರಹೊಳೆಯಲ್ಲೇ ಇರುವಾಗ ಅಲ್ಲಿ ನೋಡುವಂಥದ್ದು ಏನಿದೆ? ಹಳೆಯ ರಾಜಧಾನಿಗಳೆಲ್ಲ ಅಷ್ಟು ದೂರದ ಒಣ ಬಯಲಲ್ಲಿ ಯಾಕಿವೆ, ಹೋಗಲೇಬೇಕಾ? ಕೊನೆಯದಾಗಿ, ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ, ಹತ್ತು ದಿನ ಹೊಟ್ಟೆಗೇನು ಮಾಡುವುದು?

ಉತ್ತರ: ಮಳೆಮಾಪಕ

ಇಬ್ಬರು ಹೇಳಿದ್ದೂ ಸರಿ. ಅಲ್ಲಿ ಮುಂಗಾರು ದೇಶದ ಒಂದು ಭಾಗಕ್ಕೆ, ಹಿಂಗಾರು ಇನ್ನೊಂದು ಭಾಗಕ್ಕೆ. ಇದೊಂದು ತಲೆಗೆ ಹೋದರೆ ನಿಮ್ಮ ಮಿಕ್ಕ ಪ್ರಶ್ನೆಗಳೂ ಅರ್ಧ ಬಗೆಹರಿದಂತೆ.

ನಕ್ಷೆ ತೆರೆದು ಜೊತೆಗಿಟ್ಟುಕೊಳ್ಳಿ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 430 ಕಿ.ಮೀ., ಅಗಲ ಹೆಚ್ಚೆಂದರೆ 225 ಕಿ.ಮೀ. ವಿಸ್ತೀರ್ಣ 65,610 ಚದರ ಕಿ.ಮೀ., ಅಂದರೆ ಕರ್ನಾಟಕದ ಮೂರನೇ ಒಂದು ಪಾಲು. ನಮ್ಮ ಘಟ್ಟ ಕಡಲಂಚಿಗೆ ಗೋಡೆ ಕಟ್ಟಿದ ಹಾಗಿದೆ. ಅವರ ಬೆಟ್ಟಗಳು ಹಾಗಲ್ಲ, ದ್ವೀಪದ ದಕ್ಷಿಣ ಭಾಗದ ನಡುವೆ ಒಂದೇ ಗುಡ್ಡೆಯಾಗಿ ಕೂತಿವೆ. ಅತಿ ಎತ್ತರದ ಪಿದುರುತಲಾಗಲ 2,524 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸುಮಾರು 600 ಮೀಟರ್ ಎತ್ತರ. ನದಿಗಳು ಈ ಗುಡ್ಡೆಯಿಂದ ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಇಳಿಯುತ್ತವೆ. ಎಲ್ಲಕ್ಕಿಂತ ಉದ್ದದ ಮಹಾವೆಲಿ 335 ಕಿ.ಮೀ. ಹರಿದು ತ್ರಿಂಕೋಮಲಿಯ ಹತ್ತಿರ ಕಡಲು ಸೇರುತ್ತದೆ.

ಮೇ–ಸೆಪ್ಟೆಂಬರ್ ಮುಂಗಾರು ಗುಡ್ಡೆಯ ನೈಋತ್ಯ ಮುಖಕ್ಕೆ ಬಡಿಯುತ್ತದೆ. ಕೊಲಂಬೊ, ರತ್ನಪುರ, ಗಾಲ್ ನೆನೆಯುತ್ತವೆ. ಅದೇ ಹೊತ್ತಿಗೆ ಬೆಟ್ಟದಾಚೆ ತ್ರಿಂಕೋಮಲಿಯಲ್ಲಿ ಬಿಸಿಲು. ಆಗುಂಬೆಯಲ್ಲಿ ಸುರಿಯುವಾಗ ಚಿತ್ರದುರ್ಗದಲ್ಲಿ ಧೂಳು ಹಾರುವ ಕಥೆಯೇ. ಡಿಸೆಂಬರ್–ಫೆಬ್ರವರಿಯಲ್ಲಿ ಬಂಗಾಳ ಕೊಲ್ಲಿಯ ಗಾಳಿ ಇದನ್ನು ತಿರುವುಮುರುವು ಮಾಡುತ್ತದೆ. ಹಾಗಾಗಿ ‘ಶ್ರೀಲಂಕಾದಲ್ಲಿ ಈಗ ಮಳೆಯಾ?’ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ, ಯಾವ ದಿಕ್ಕಿನಲ್ಲಿ ಅಂತ ಕೇಳಬೇಕು.

ಅವರು ‘ಒಣ ವಲಯ’ ಎನ್ನುವ ಉತ್ತರ, ಪೂರ್ವದ ಬಯಲು ನಿಜಕ್ಕೆ ಮರುಭೂಮಿಯೇನಲ್ಲ. ಅನುರಾಧಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಬೆಂಗಳೂರಿನದಕ್ಕಿಂತ ಹೆಚ್ಚು. ಆದರೆ ಅದರ ಬಹುಪಾಲು ಅಕ್ಟೋಬರ್‌ನಿಂದ ಜನವರಿಯೊಳಗೆ ಸುರಿದು ಮುಗಿಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಬರ.

ಈಗ ನಿಮ್ಮ ಎರಡು ರಜೆ. ಅಕ್ಟೋಬರ್, ನವೆಂಬರ್ ಎರಡು ಮಾರುತಗಳ ನಡುವಿನ ಸಂಧಿಕಾಲ. ದ್ವೀಪದ ಯಾವ ಮೂಲೆಯಲ್ಲೂ ಮಳೆ ಬರಬಹುದು, ಕೊಲ್ಲಿಯಲ್ಲಿ ವಾಯುಭಾರ ಕುಸಿತವೂ ಆಗಲೇ ಶುರು. ಏಪ್ರಿಲ್ ಕೂಡ ಸಂಧಿಕಾಲವೇ, ಆದರೆ ಮಳೆಯ ಸ್ವಭಾವ ಬೇರೆ. ಬೆಳಗ್ಗೆ ಬಿಸಿಲು, ಸೆಕೆ, ಮಧ್ಯಾಹ್ನ ಎರಡರ ಮೇಲೆ ಗುಡುಗಿನ ಮಳೆ. ಹೊರಗಿನ ಸುತ್ತಾಟವನ್ನು ಮಧ್ಯಾಹ್ನದೊಳಗೆ ಮುಗಿಸಿಕೊಂಡರೆ ಏಪ್ರಿಲ್ಲೇ ವಾಸಿ.

ಏಪ್ರಿಲ್‌ಗೆ ಒಂದೇ ಷರತ್ತು. 13–14ಕ್ಕೆ ಸಿಂಹಳ–ತಮಿಳು ಹೊಸ ವರ್ಷ. ಎರಡು ಮೂರು ದಿನ ಅಂಗಡಿ, ಸಣ್ಣ ಹೋಟೆಲು ಮುಚ್ಚಿರುತ್ತವೆ, ಡ್ರೈವರುಗಳು ಊರಿಗೆ ಹೋಗಿರುತ್ತಾರೆ. ನುವರ ಎಳಿಯದಲ್ಲಿ ಇಡೀ ತಿಂಗಳು ‘ಸೀಸನ್’, ರೂಮಿನ ಬಾಡಿಗೆ ಏರುತ್ತದೆ. ಆದ್ದರಿಂದ 10ರೊಳಗೆ ವಾಪಸ್ ಬನ್ನಿ, ಇಲ್ಲವೇ 18ರ ನಂತರ ಹೊರಡಿ.

ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಕೊಲಂಬೊ–ಕ್ಯಾಂಡಿ 115 ಕಿ.ಮೀ., ಹಿಡಿಯುವುದು ಮೂರರಿಂದ ಮೂರೂವರೆ ಗಂಟೆ. ಕ್ಯಾಂಡಿಯಿಂದ ನುವರ ಎಳಿಯ 80ಕ್ಕೂ ಕಡಿಮೆ, ಅದಕ್ಕೂ ಎರಡೂವರೆ ಗಂಟೆಗೆ ಮೇಲೆ. ಬೇಗ ಓಡುವುದು ದಕ್ಷಿಣ ಕರಾವಳಿಯದರಂಥ ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ಮಾತ್ರ. ಕ್ಯಾಂಡಿ–ಎಲ್ಲ ರೈಲು ಆರೇಳು ಗಂಟೆಯದು. 2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತದಲ್ಲಿ ಬೆಟ್ಟದ ಆ ಮಾರ್ಗಕ್ಕೆ ಪೆಟ್ಟು ಬಿದ್ದಿತ್ತು. ಟಿಕೆಟ್ ಬುಕ್ ಮಾಡುವ ಮೊದಲು ನಿಮ್ಮ ದಿನಕ್ಕೆ ಎಲ್ಲಿಂದ ಎಲ್ಲಿಗೆ ಓಡುತ್ತಿದೆ ಅಂತ ವಿಚಾರಿಸಿ. ವೀಸಾಕ್ಕೆ ಸರ್ಕಾರದ ಇಟಿಎ (ಆನ್‌ಲೈನ್ ಪ್ರವೇಶ ಅನುಮತಿ) ಜಾಲತಾಣವನ್ನೇ ಬಳಸಿ, ಅದೇ ಹೆಸರಿಗೆ ಹತ್ತಿರದ ಏಜೆಂಟ್ ತಾಣಗಳು ಕಮಿಷನ್ ಕೀಳುತ್ತವೆ.

ಉತ್ತರ: ಕಾಡುಪಾಪ

ಕಾಡಿನ ವಿಷಯ ನಾನು ಹೇಳ್ತೀನಿ. ‘ನಮ್ಮಲ್ಲೇ ಇದೆಯಲ್ಲ’ ಅನ್ನೋದು ಪೂರ್ತಿ ಸರಿಯಲ್ಲ.

ಮೊದಲು ಅಲ್ಲಿ ಏನಿಲ್ಲ ಅನ್ನೋದನ್ನ ನೋಡಿ. ಹುಲಿ ಇಲ್ಲ, ಸೀಳುನಾಯಿ ಇಲ್ಲ, ಕಾಟಿ ಇಲ್ಲ. ಹುಲಿ, ಸೀಳುನಾಯಿ ಇಲ್ಲದ್ದಕ್ಕೇ ಅಲ್ಲಿ ಚಿರತೆ ರಾಜ. ನಾಗರಹೊಳೆ ಚಿರತೆ ಬೇಟೆಯನ್ನ ಮರಕ್ಕೆ ಎಳೆದುಕೊಂಡು ಹೋಗಿ, ಬೆನ್ನ ಹಿಂದೆ ಹುಲಿ ಇದೆಯಾ ಅಂತ ನೋಡುತ್ತೆ. ಯಾಲ ಕಾಡಿನ ಚಿರತೆ ಹಗಲು ಹೊತ್ತಲ್ಲಿ ಬಂಡೆ ಮೇಲೆ ಬಿಸಿಲು ಕಾಯಿಸುತ್ತೆ, ಜೀಪು ದಾರಿಯಲ್ಲೇ ನಡೀತಾ ಬರುತ್ತೆ. ಪ್ರಾಣಿ ಒಂದೇ, ನಡವಳಿಕೆ ಬೇರೆ.

ಆನೆ: 2011ರ ಗಣತಿಯಲ್ಲಿ ಐದೂಮುಕ್ಕಾಲು ಸಾವಿರಕ್ಕೆ ಮೇಲೆ ಸಿಕ್ಕಿದ್ದವು. ಗಂಡಾನೆಗಳಲ್ಲಿ ದಂತ ಇರೋದು ನೂರಕ್ಕೆ ಹತ್ತಕ್ಕೂ ಕಡಿಮೆ. ನಮ್ಮಲ್ಲಿ ದಂತ ಇಲ್ಲದ ಗಂಡು ಕಂಡರೆ ‘ಮಖನಾ’ ಅಂತ ವಿಶೇಷವಾಗಿ ಹೇಳ್ತೀವಿ, ಅಲ್ಲಿ ಅದೇ ಮಾಮೂಲು. ಮಗಳಿಗೆ ಮೊದಲೇ ಹೇಳಿ, ಇಲ್ಲದಿದ್ದರೆ ಕಂಡದ್ದೆಲ್ಲ ಹೆಣ್ಣಾನೆ ಅಂದುಕೊಳ್ತಾಳೆ. ತಲೆಯ ಆಕಾರ ನೋಡಿ ಗುರುತಿಸಬೇಕು. ಗಂಡಿನ ತಲೆ ದೊಡ್ಡದು, ಸೊಂಡಿಲ ಬುಡ ದಪ್ಪಗೆ ಉಬ್ಬಿರುತ್ತೆ.

ಮಿನ್ನೇರಿಯ ಕೆರೆಯ ‘ಆನೆ ಜಾತ್ರೆ’ ವಿಡಿಯೋ ನೋಡಿ ಏಪ್ರಿಲ್‌ನಲ್ಲಿ ಅಲ್ಲಿಗೆ ದುಡ್ಡು ಕೊಡಬೇಡಿ. ಜುಲೈನಿಂದ ಅಕ್ಟೋಬರ್ ತನಕ ಕೆರೆ ನೀರು ಇಳಿದು ಅಂಗಳದಲ್ಲಿ ಎಳೆ ಹುಲ್ಲು ಎದ್ದಾಗ ಆನೆಗಳು ಸೇರೋದು. ಈಗೀಗ ಮೊರಗಹಕಂದ ಅಣೆಕಟ್ಟಿನ ನೀರು ತಂದು ಬಿಡೋದರಿಂದ ಕೆಲವು ವರ್ಷ ಬೇಸಿಗೆಯಲ್ಲೂ ಕೆರೆ ತುಂಬೇ ಇರುತ್ತೆ. ಅಂಗಳ ಬಿಚ್ಚದಿದ್ದರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಆನೆ ಬೇರೆ ಕಡೆ. ವರ್ಷಪೂರ್ತಿ ಆನೆ ಸಿಗೋದು ಉಡವಳವೆ ರಾಷ್ಟ್ರೀಯ ಉದ್ಯಾನದಲ್ಲಿ. ಅಲ್ಲೇ ಪಕ್ಕದಲ್ಲಿ 1995ರಿಂದ ತಾಯಿ ಕಳೆದುಕೊಂಡ ಮರಿಗಳನ್ನ ಸಾಕಿ ಕಾಡಿಗೆ ಬಿಡೋ ಕೇಂದ್ರ ಇದೆ. ಹಾಲು ಕುಡಿಸೋದನ್ನ ದೂರದಿಂದ ನೋಡಬಹುದು, ಮುಟ್ಟೋ ಹಾಗಿಲ್ಲ. ಆನೆ ಮೇಲೆ ಸವಾರಿ ಮಾಡಿಸೋ, ಸ್ನಾನ ಮಾಡಿಸೋ ಜಾಗಗಳಿಗಿಂತ ಇದು ಎಷ್ಟೋ ಮೇಲು.

ಯಾಲದ ಒಂದನೇ ಬ್ಲಾಕಿನಲ್ಲಿ ಚಿರತೆ ದಟ್ಟ, ಜೀಪೂ ದಟ್ಟ. ಫೋನಲ್ಲಿ ಸುದ್ದಿ ಹಬ್ಬಿದ ಕೂಡಲೇ ನಲವತ್ತು ಜೀಪು ಒಂದೇ ಮರದ ಕೆಳಗೆ. ಅದೂ ಅಲ್ಲದೆ ಸಾಮಾನ್ಯವಾಗಿ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 15ರ ತನಕ ಆ ಬ್ಲಾಕು ಮುಚ್ಚಿರುತ್ತೆ. ನಿಮ್ಮ ದಸರಾ ರಜೆಗೆ ಅಲ್ಲೇ ಪೆಟ್ಟು. ಅದರ ಬದಲು ವಿಲ್ಪತ್ತು ನೋಡಿ. ದೇಶದ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ, 1,317 ಚದರ ಕಿ.ಮೀ., ನಾಗರಹೊಳೆಯ ಎರಡರಷ್ಟು. ಅನುರಾಧಪುರದಿಂದ ಹುನುವಿಲಗಮ ಗೇಟಿಗೆ ಒಂದು ಗಂಟೆ. ಒಳಗೆ ‘ವಿಲ್ಲು’ ಅನ್ನೋ ಸಹಜ ಮಳೆನೀರ ಕೊಳಗಳಿವೆ, ಸುತ್ತ ಮರಳು, ಆಚೆ ಕಾಡು. ಬೆಳಗ್ಗೆ ಆರಕ್ಕೆ ಗೇಟಲ್ಲಿರಿ. ಹನ್ನೊಂದರ ಮೇಲೆ ಪ್ರಾಣಿ ನೆರಳು ಸೇರಿರುತ್ತೆ, ಪೂರ್ತಿ ದಿನದ ಜೀಪು ತಗೊಂಡರೆ ನಡುವಿನ ನಾಲ್ಕು ಗಂಟೆ ಅತ್ತೆಯವರಿಗೆ ಬರೀ ಧೂಳು, ಕುಲುಕಾಟ. ಅರ್ಧ ದಿನ ಸಾಕು. ಕರಡಿ ನೋಡೋ ಆಸೆ ಇದ್ದರೆ ಜೂನ್–ಜುಲೈ ಬೇಕಿತ್ತು. ‘ಪಾಲು’ ಅನ್ನೋ ಮರದ ಹಣ್ಣು ಮಾಗಿದಾಗ ಅವು ಮರದ ಮೇಲೇ ಠಿಕಾಣಿ.

ನಿಜವಾಗಿ ‘ಬೇರೆ’ ಅನ್ನೋ ಕಾಡು ಅಂದರೆ ನೈಋತ್ಯದ ಮಳೆಕಾಡು ಸಿಂಹರಾಜ. ಹಿಮಯುಗದಲ್ಲಿ ಕಡಲಮಟ್ಟ ನೂರು ಮೀಟರಿಗೂ ಹೆಚ್ಚು ತಗ್ಗಿದ್ದಾಗ ಲಂಕೆ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು, ಆನೆ, ಜಿಂಕೆ, ಕರಡಿ ನಡೆದೇ ದಾಟಿದವು. ಆದರೆ ನಡುವೆ ಇದ್ದದ್ದು ಒಣ ಬಯಲು. ತೇವದ ಕಾಡಿನ ಕಪ್ಪೆ, ಹಲ್ಲಿ, ಸಿಹಿನೀರ ಏಡಿಗೆ ಅದು ಕಡಲಿನಷ್ಟೇ ದೊಡ್ಡ ಅಡ್ಡಿ. ಪಶ್ಚಿಮ ಘಟ್ಟ, ಶ್ರೀಲಂಕಾ ಎರಡನ್ನೂ ಒಂದೇ ಜೀವವೈವಿಧ್ಯ ತಾಣ ಅಂತ ಲೆಕ್ಕ ಹಾಕಿದರೂ ಅಲ್ಲಿನ ಕಪ್ಪೆಗಳಲ್ಲಿ ಹೆಚ್ಚಿನವು ಬೇರೆಲ್ಲೂ ಇಲ್ಲದಿರೋದು ಅದಕ್ಕೇ. ಕೆಂಪು ಮೊಗದ ಮಾಲ್ಕೋಹ, ನೀಲಿ ಮ್ಯಾಗ್ಪಿ ಹಕ್ಕಿಗಳೂ ಅಷ್ಟೇ. ಹತ್ತು ದಿನದಲ್ಲಿ ಸಿಂಹರಾಜ ತುರುಕಬೇಡಿ, ಹೋಗೋದಾದರೆ ಮಲೆನಾಡಿನ ಲೆಕ್ಕವೇ: ಇಂಬಳಕ್ಕೆ ಉದ್ದ ಕಾಲುಚೀಲ, ಉಪ್ಪು.

ಇನ್ನೊಂದು. ಬುತ್ತಲ–ಕತರಗಾಮ ರಸ್ತೆಯಲ್ಲಿ, ಉಡವಳವೆ ಬೇಲಿ ಪಕ್ಕ ಆನೆಗಳು ತಿಂಡಿಗಾಗಿ ನಿಂತಿರುತ್ತವೆ. ಕಾರಿನಿಂದ ಬಾಳೆಹಣ್ಣು ಕೊಡಬೇಡಿ. ಹಾಗೆ ಕಲಿತ ಆನೆಯೇ ನಾಳೆ ವಾಹನ ಅಡ್ಡಗಟ್ಟೋದು. 2023 ಒಂದೇ ವರ್ಷದಲ್ಲಿ ಆ ದೇಶದಲ್ಲಿ 400ಕ್ಕೂ ಹೆಚ್ಚು ಆನೆ ಸತ್ತವು. ಎಷ್ಟೋ ಕಡೆ ವಿದ್ಯುತ್ ಬೇಲಿ ಹಾಕಿರೋದು ಕಾಡು ಮುಗಿಯೋ ಕಡೆಯಲ್ಲ, ವನ್ಯಜೀವಿ ಇಲಾಖೆಯ ಜಾಗ ಮುಗಿದು ಅರಣ್ಯ ಇಲಾಖೆಯ ಜಾಗ ಶುರುವಾಗೋ ಕಡೆ. ಬೇಲಿಯ ಎರಡೂ ಬದಿ ಆನೆ! ಊರು ಕಾಯದ ಬೇಲಿ.

ಉತ್ತರ: ಏರಿಮೇಲೆ

ರಾಜಧಾನಿಗಳು ಒಣ ಬಯಲಲ್ಲಿ ಏಕೆ ಎಂಬುದು ಒಳ್ಳೆಯ ಪ್ರಶ್ನೆ. ಉತ್ತರ ಮಳೆಮಾಪಕರ ಲೆಕ್ಕದಲ್ಲೇ ಇದೆ. ನಾಲ್ಕು ತಿಂಗಳ ಮಳೆಯನ್ನು ಹಿಡಿದಿಟ್ಟರೆ ಸಮತಟ್ಟಾದ, ಬಿಸಿಲು ಬೀಳುವ ನೆಲದಲ್ಲಿ ಎರಡು ಬೆಳೆ ಭತ್ತ. ತೇವದ ನೈಋತ್ಯದಲ್ಲಿ ನೀರಿತ್ತು, ಬಯಲಿರಲಿಲ್ಲ, ದಟ್ಟ ಕಾಡಿತ್ತು. ಹೀಗಾಗಿ ಕ್ರಿ.ಪೂ. 4ನೇ ಶತಮಾನದಿಂದ ಸುಮಾರು 1,400 ವರ್ಷ ಅನುರಾಧಪುರ, ಆಮೇಲೆ ಪೊಲೊನ್ನರುವ, ಎರಡೂ ಕೆರೆಗಳ ಮೇಲೆ ನಿಂತ ಊರುಗಳು.

ಕೆರೆಗೆ ಸಿಂಹಳದಲ್ಲಿ ‘ವೆವ’, ಸಂಸ್ಕೃತದ ವಾಪಿಯಿಂದ ಬಂದದ್ದು. ಊರಹೆಸರುಗಳನ್ನು ಓದಲು ಐದಾರು ಪದ ಸಾಕು: ಗಂಗಾ ಅಂದರೆ ನದಿ (ಯಾವ ನದಿಯಾದರೂ), ಓಯ ಅಂದರೆ ಹೊಳೆ, ಕಂದ ಬೆಟ್ಟ, ಗಲ ಬಂಡೆ, ಗಮ ಹಳ್ಳಿ, ನುವರ ನಗರ. ನಿಮ್ಮ ‘ಎಲ್ಲ’ ಅಂದರೆ ಜಲಪಾತ. ತಮಿಳು ಕಡೆ ಕುಳಂ ಅಂದರೆ ಕೆರೆ, ಆರು ಅಂದರೆ ನದಿ.

ನಮ್ಮ ಕೆರೆಗಳನ್ನು ಬಲ್ಲವರಿಗೆ ಏರಿ, ತೂಬು, ಕೋಡಿ ಅಲ್ಲಿಯೂ ತಕ್ಷಣ ಗುರುತು ಸಿಗುತ್ತವೆ. ಹತ್ತಿರ ಹೋಗಿ ನೋಡಬೇಕಾದದ್ದು ‘ಬಿಸೋಕೊಟುವ’. ಏರಿಯ ಒಳಮುಖದಲ್ಲಿ ಕಲ್ಲು, ಇಟ್ಟಿಗೆ ಕಟ್ಟಿದ ಚೌಕ ಬಾವಿ ಅದು. ಇಪ್ಪತ್ತು ಮೂವತ್ತು ಅಡಿ ನೀರಿನ ಒತ್ತಡ ನೇರ ತೂಬಿನ ಕಾಲುವೆಗೆ ನುಗ್ಗಿದರೆ ಕಾಲುವೆಯ ಗೋಡೆ ಕೊರೆದು ಕೊನೆಗೆ ಏರಿಯೇ ಒಡೆಯುತ್ತದೆ. ನೀರು ಮೊದಲು ಈ ಬಾವಿಗೆ ಬಿದ್ದು ರಭಸ ಕಳೆದುಕೊಂಡು ಆಮೇಲೆ ಹೊರಗೆ ಹರಿಯುತ್ತದೆ, ಎಷ್ಟು ಬಿಡಬೇಕೆಂಬ ಹತೋಟಿಯೂ ಅಲ್ಲೇ. ಅಷ್ಟು ದೊಡ್ಡ ಕೆರೆ ಕಟ್ಟುವ ಧೈರ್ಯ ಬಂದದ್ದು ಇದರಿಂದ. ಸಣ್ಣ ಕೆರೆಗಳನ್ನು ನಮ್ಮ ಬಯಲುಸೀಮೆಯಂತೆ ಒಂದರ ಕೋಡಿ ಇನ್ನೊಂದಕ್ಕೆ ಬೀಳುವ ಸರಪಳಿಯಾಗಿ ಕಟ್ಟಿದ್ದಾರೆ. ಏರಿಯ ಕೆಳಗೆ, ಗದ್ದೆಗೆ ಮುಂಚೆ, ‘ಕಟ್ಟಕಡುವ’ ಎಂಬ ಮರಗಿಡಗಳ ಪಟ್ಟಿ ಬಿಟ್ಟಿರುತ್ತಾರೆ. ಜಿನುಗುವ ನೀರಿನ ಉಪ್ಪಿನಂಶ ಗದ್ದೆಗೆ ಸೇರದಂತೆ ಅದು ತಡೆಯುತ್ತದೆ. ಈ ಪಟ್ಟಿ ಕಡಿದ ಕಡೆ ಗದ್ದೆ ಚೌಳಾಗುತ್ತದೆ.

5ನೇ ಶತಮಾನದ ಧಾತುಸೇನನ ಕಲಾವೆವದಿಂದ ಅನುರಾಧಪುರಕ್ಕೆ ಹೋಗುವ ಜಯಗಂಗಾ ಕಾಲುವೆ ಸುಮಾರು 87 ಕಿ.ಮೀ. ಪೊಲೊನ್ನರುವದ ಪರಾಕ್ರಮ ಸಮುದ್ರ ಮೊದಲನೇ ಪರಾಕ್ರಮಬಾಹುವಿನ (1153–1186) ಕಾಲದ್ದು, ಏರಿ ಸುಮಾರು 14 ಕಿ.ಮೀ., ಇಂದಿಗೂ ಗದ್ದೆಗೆ ನೀರು ಕೊಡುತ್ತಿದೆ. ಸಂಜೆ ಐದರ ಮೇಲೆ ಆ ಏರಿಯ ಮೇಲೆ ನಡೆಯಿರಿ, ಅದಕ್ಕೆ ಟಿಕೆಟ್ ಇಲ್ಲ.

ಕನ್ನಡಿಗರಿಗೆ ಇಲ್ಲೊಂದು ಕೊಂಡಿಯಿದೆ. 993ರ ಹೊತ್ತಿಗೆ ರಾಜರಾಜ ಚೋಳ ಉತ್ತರ ಲಂಕೆಯನ್ನು ಗೆದ್ದ, 1017ರಲ್ಲಿ ಅವನ ಮಗ ರಾಜೇಂದ್ರನ ಸೇನೆ ದೊರೆ ಐದನೇ ಮಹಿಂದನನ್ನೇ ಹಿಡಿದೊಯ್ದಿತು. ಚೋಳರನ್ನು ಹೊರಹಾಕಿದವನು ಮೊದಲನೇ ವಿಜಯಬಾಹು, 1070ರಲ್ಲಿ. ಆಗ ಚೋಳರಿಗೆ ಉತ್ತರದ ಶತ್ರು ಕಲ್ಯಾಣದ ಆರನೇ ವಿಕ್ರಮಾದಿತ್ಯ. ವಿಜಯಬಾಹು, ವಿಕ್ರಮಾದಿತ್ಯರ ನಡುವೆ ದೂತರು ಓಡಾಡಿದರು. ಕರ್ಣಾಟ ದೊರೆಯ ಬಳಿಗೆ ಕಾಣಿಕೆ ಹೊತ್ತು ಹೊರಟ ಸಿಂಹಳ ದೂತರ ಮೂಗು, ಕಿವಿಯನ್ನು ಚೋಳರು ದಾರಿಯಲ್ಲೇ ಕೊಯ್ಸಿದರೆಂದು ಲಂಕೆಯ ವಂಶಕಥನ ‘ಚೂಳವಂಸ’ ದಾಖಲಿಸುತ್ತದೆ. ಪೊಲೊನ್ನರುವದ ಎರಡನೇ ನಂಬರಿನ ಶಿವ ದೇವಾಲಯ ಆ ಚೋಳರ ಕಾಲದ ಕಲ್ಲುಕಟ್ಟಡ. ಇಟ್ಟಿಗೆಯ ಸ್ತೂಪಗಳ ನಡುವೆ ಅದೊಂದು ತಂಜಾವೂರಿನಿಂದ ಎತ್ತಿ ತಂದಿಟ್ಟಂತಿದೆ.

1215ರಲ್ಲಿ ಕಳಿಂಗದ ಮಾಘನ ದಾಳಿಯ ಬಳಿಕ ಕೆರೆಗಳನ್ನು ನೋಡಿಕೊಳ್ಳುವ ವ್ಯವಸ್ಥೆ ಕುಸಿಯಿತು. ಏರಿ ಒಡೆದವು, ಕಾಡು, ಮಲೇರಿಯ ಬಂದವು, ರಾಜಧಾನಿ ನೈಋತ್ಯಕ್ಕೆ ಸರಿಯುತ್ತ ಹೋಯಿತು. ತೇವದ ನಾಡಿನ ಸಂಪತ್ತು ಭತ್ತವಲ್ಲ, ದಾಲ್ಚಿನ್ನಿ. ಅದರ ಬೆನ್ನು ಹತ್ತಿ 1505ರಲ್ಲಿ ಪೋರ್ಚುಗೀಸರು, 1658ಕ್ಕೆ ಪೂರ್ತಿಯಾಗಿ ಡಚ್ಚರು, 1796ರಲ್ಲಿ ಇಂಗ್ಲಿಷರು. ಬೆಟ್ಟದೊಳಗಿನ ಕ್ಯಾಂಡಿ 1815ರ ತನಕ ತಡೆಯಿತು. ಕಾಫಿ ತೋಟಗಳು 1869ರಿಂದ ಎಲೆ ತುಕ್ಕು ರೋಗಕ್ಕೆ ಬಲಿಯಾದವು, ಅದೇ ಜಾಗಕ್ಕೆ ಟೀ ಬಂತು. ತೋಟಕ್ಕೆ ಕರೆತಂದ ತಮಿಳು ಕೂಲಿಕಾರರ ಪೌರತ್ವವನ್ನು, 1948ರ ಫೆಬ್ರವರಿ 4ರಂದು ಸ್ವತಂತ್ರವಾದ ದೇಶ ಅದೇ ವರ್ಷ ಕಿತ್ತುಕೊಂಡಿತು. ಉಳಿದವರಿಗೆ ಅದು ಪೂರ್ತಿ ಮರಳಿದ್ದು 2003ರ ಕಾನೂನಿನಿಂದ. 1956ರ ಸಿಂಹಳ ಮಾತ್ರ ಕಾಯ್ದೆ, 1983ರಿಂದ 2009ರವರೆಗಿನ ಯುದ್ಧ ಇವೆಲ್ಲ ಬೇರೆಯೇ ಚರ್ಚೆ. ಡ್ರೈವರ್ ಜೊತೆ ಮೊದಲ ದಿನವೇ ಆ ಮಾತು ತೆಗೆಯದಿರುವುದು ಲೇಸು.

ತುಂಗಾತೀರ

ಎಲ್ಲರಿಗೂ ಧನ್ಯವಾದ. ಏಪ್ರಿಲ್ ಗಟ್ಟಿಯಾಯಿತು. ಅತ್ತೆಗೆ ಮೊಣಕಾಲು ನೋವಿದೆ. ಸಿಗಿರಿಯ ಬಂಡೆ ಹತ್ತಲಾಗುತ್ತದಾ? ಊಟದ ಬಗ್ಗೆ ಯಾರೂ ಹೇಳಲಿಲ್ಲ.

ಉತ್ತರ: ಬೈನೆಬೆಲ್ಲ

ಸಿಗಿರಿಯ ಸುಮಾರು 1,200 ಮೆಟ್ಟಿಲು, ಮೇಲಿನ ಭಾಗ ಬಂಡೆಗೆ ಆನಿಸಿದ ಕಬ್ಬಿಣದ ಏಣಿಮೆಟ್ಟಿಲು, ನಡುವೆ ಬಿಟ್ಟು ಇಳಿಯುವುದು ಕಷ್ಟ. ಅತ್ತೆಯವರು ಕೆಳಗಿನ ನೀರಿನ ಉದ್ಯಾನದಲ್ಲಿ ಇರಲಿ, ಸಮತಟ್ಟು, ಕೊಳ, ನೆರಳು. ಹತ್ತುವವರು ಬೆಳಗ್ಗೆ ಏಳರೊಳಗೆ ಶುರುಮಾಡಿ. ಬಂಡೆಯಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಕೂಗಾಟ ಬೇಡ, ಗಾಢ ಸೆಂಟು ಬೇಡ. ದಂಬುಲ್ಲದ ಗುಹೆಗಳಿಗೆ ಮುನ್ನೂರು ಚಿಲ್ಲರೆ ಮೆಟ್ಟಿಲು, ಕೂತು ಕೂತು ಹತ್ತಬಹುದು. ಪೊಲೊನ್ನರುವದ ಗಲ್ ವಿಹಾರ (ಬಂಡೆಯಲ್ಲಿ ಕೆತ್ತಿದ ಬುದ್ಧರು), ಅನುರಾಧಪುರದ ಬೋಧಿವೃಕ್ಷ, ಸ್ತೂಪಗಳು ಎಲ್ಲ ಸಮನೆಲ. ಆದರೆ ಬರಿಗಾಲು. ಏಪ್ರಿಲ್ ಹನ್ನೊಂದು ಗಂಟೆಯ ಕಲ್ಲುಹಾಸು ಕಾದ ಹಂಚಿನ ಹಾಗೆ ಸುಡುತ್ತದೆ. ದಪ್ಪ ಕಾಲುಚೀಲ ಒಯ್ಯಿರಿ, ಅದಕ್ಕೆ ಅಡ್ಡಿಯಿಲ್ಲ. ಭುಜ, ಮೊಣಕಾಲು ಮುಚ್ಚಿರಬೇಕು. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದರೆ ಬೈಸಿಕೊಳ್ಳುತ್ತೀರಿ. ಪ್ರತಿ ಹುಣ್ಣಿಮೆ ‘ಪೋಯ’, ಸರ್ಕಾರಿ ರಜೆ, ದೇವಸ್ಥಾನಗಳಲ್ಲಿ ಜನಸಾಗರ. ಬುದ್ಧನ ಹಲ್ಲನ್ನು ಇಟ್ಟಿರುವ ಕ್ಯಾಂಡಿಯ ದಂತಮಂದಿರಕ್ಕೆ ಆ ದಿನ ಬೀಳದಂತೆ ಪಂಚಾಂಗ ನೋಡಿಕೊಳ್ಳಿ.

ಊಟ. ಬೇಳೆ ಸಾರು, ಅನ್ನ, ಹಲಸಿನಕಾಯಿ ಪಲ್ಯ, ಎಳೆಗೋಡಂಬಿ ಸಾರು, ಸೊಪ್ಪಿನ ‘ಮಲ್ಲುಂ’ ಎಲ್ಲ ಸಿಗುತ್ತದೆ, ತೆಂಗಿನಹಾಲು ಧಾರಾಳ. ನಮ್ಮ ಒತ್ತು ಶಾವಿಗೆಯೇ ಅಲ್ಲಿ ‘ಇಂದಿಆಪ್ಪ’. ಅಪಾಯ ಇರುವುದು ‘ಉಂಬಲಕಡ’ದಲ್ಲಿ. ಒಣಗಿಸಿ ಹೊಗೆ ಹಾಕಿದ ಮೀನನ್ನು ಕುಟ್ಟಿ ಪುಡಿಮಾಡಿ ಒಗ್ಗರಣೆಯ ಹಾಗೆ ಹಾಕುತ್ತಾರೆ. ಕಾಯಿ ಚಟ್ನಿಯಂತೆ ಕಾಣುವ ಪೊಲ್ ಸಂಬೋಲ, ಈರುಳ್ಳಿ ಖಾರ ‘ಲುಣುಮಿರಿಸ್’, ಕೆಲವೊಮ್ಮೆ ಬೇಳೆಯಲ್ಲೂ ಇರುತ್ತದೆ. ‘ವೆಜಿಟೇರಿಯನ್’ ಅಂದರೆ ತುಂಡು ಮೀನು ಹಾಕುವುದಿಲ್ಲ ಅಷ್ಟೇ, ಪುಡಿಯನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಿಡಿಸಿ ಹೇಳಿ: ‘ಮಸ್ ಎಪಾ, ಮಾಳು ಎಪಾ, ಬಿತ್ತರ ಎಪಾ, ಉಂಬಲಕಡ ಎಪಾ’. ಮಾಂಸ, ಮೀನು, ಮೊಟ್ಟೆ, ಆ ಪುಡಿ, ಯಾವುದೂ ಬೇಡ ಅಂತ. ರೊಟ್ಟಿಯನ್ನು ಕೊಚ್ಚಿ ಹುರಿಯುವ ‘ಕೊತ್ತು ರೊಟ್ಟಿ’ಯ ಹೆಂಚಿನ ಮೇಲೆ ಎಲ್ಲದಕ್ಕೂ ಒಂದೇ ಸಟ್ಟುಗ, ಅದನ್ನು ಬಿಟ್ಟುಬಿಡಿ. ದೊಡ್ಡ ಊರುಗಳಲ್ಲಿ ತಮಿಳರ ‘ಸೈವ ಕಡೈ’ (ಸಸ್ಯಾಹಾರಿ ಹೋಟೆಲು) ಹುಡುಕಿ, ಅಲ್ಲಿ ಇಡ್ಲಿ, ದೋಸೆ ನಿಶ್ಚಿಂತೆಯಿಂದ ತಿನ್ನಬಹುದು.

ಮಡಕೆಯ ಎಮ್ಮೆ ಮೊಸರಿನ ಮೇಲೆ ‘ಕಿತುಲ್ ಪಾನಿ’ ಸುರಿದು ಕೊಡುತ್ತಾರೆ. ಕಿತುಲ್ ಅಂದರೆ ನಮ್ಮ ಬೈನೆ ಮರ. ಅದರ ಹೂಗೊನೆಯ ರಸ ಕಾಯಿಸಿದ ಜೋನಿಬೆಲ್ಲ. ಅಸಲಿಗೆ ತುಸು ಹೊಗೆಯ ವಾಸನೆ ಇರುತ್ತದೆ, ಬರೀ ಸಿಹಿ ಇದ್ದರೆ ಸಕ್ಕರೆ ಪಾಕ ಬೆರೆಸಿದ್ದು. ದಾಲ್ಚಿನ್ನಿ ಕೊಳ್ಳುವಾಗ ಸುರುಳಿಯ ತುದಿ ನೋಡಿ. ಕಾಗದದಷ್ಟು ತೆಳು ಪದರಗಳು ಒಂದರೊಳಗೊಂದು ಸುತ್ತಿದ್ದರೆ ಸಿಲೋನಿನದು, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಒಂದೇ ದಪ್ಪ ತೊಗಟೆ ಗಟ್ಟಿಯಾಗಿದ್ದರೆ ಕ್ಯಾಸಿಯಾ.

ಉತ್ತರ: ಮಳೆಮಾಪಕ

ಹಾಗಾದರೆ ದಾರಿ ಹೀಗಿರಲಿ. ವಿಮಾನ ನಿಲ್ದಾಣ ಕೊಲಂಬೊದ ಉತ್ತರಕ್ಕಿದೆ, ಕೊಲಂಬೊಗೆ ಇಳಿಯದೆ ನೇರ ಅನುರಾಧಪುರ, ಎರಡು ರಾತ್ರಿ, ಒಂದು ಬೆಳಗ್ಗೆ ವಿಲ್ಪತ್ತು. ಆಮೇಲೆ ಹಬರಣದಲ್ಲಿ ಎರಡು ರಾತ್ರಿ, ಅಲ್ಲಿಂದ ಸಿಗಿರಿಯ, ಪೊಲೊನ್ನರುವ. ದಂಬುಲ್ಲ ನೋಡಿಕೊಂಡು ಕ್ಯಾಂಡಿ ಒಂದು ರಾತ್ರಿ, ಎಲ್ಲ ಎರಡು ರಾತ್ರಿ, ಉಡವಳವೆ ಒಂದು, ಗಾಲ್ ಒಂದು. ಕೊನೆಗೆ ಹೆದ್ದಾರಿ ಹಿಡಿದು ವಿಮಾನ ನಿಲ್ದಾಣ. ಬೆಂತೋಟ, ನುವರ ಎಳಿಯ ಬಿಟ್ಟಿದ್ದೇನೆ, ಸೀಸನ್ ಬಾಡಿಗೆಯೂ ಉಳಿಯುತ್ತದೆ.

ಟೀ ಕೊಳ್ಳುವಾಗಲೂ ಮಳೆಯ ಲೆಕ್ಕವೇ. ಬೆಟ್ಟದ ಪಶ್ಚಿಮ ಮುಖದ ದಿಂಬುಲ ಸೀಮೆಯ ಟೀ ಜನವರಿ–ಮಾರ್ಚ್‌ನ ಒಣಗಾಳಿಯಲ್ಲಿ ಸೊಗಸು, ಪೂರ್ವ ಮುಖದ ಊವ ಸೀಮೆಯದು ಜುಲೈ–ಸೆಪ್ಟೆಂಬರ್‌ನಲ್ಲಿ. ನೀವು ಹೋಗುವ ಹೊತ್ತಿಗೆ ದಿಂಬುಲದ ಹೊಸ ಮಾಲು ಅಂಗಡಿಯಲ್ಲಿರುತ್ತದೆ. ಪೊಟ್ಟಣದ ಮೇಲೆ ಬಿಓಪಿ, ಓಪಿ ಅನ್ನುವುದು ಎಲೆಯ ಗಾತ್ರ, ಗುಣಮಟ್ಟವಲ್ಲ.

ಉತ್ತರ: ಕಾಡುಪಾಪ

ಒಂದು ತಿದ್ದುಪಡಿ. ಗಾಲ್‌ಗೆ ಒಂದು ರಾತ್ರಿ ಬದಲು ಮಿರಿಸ್ಸದಲ್ಲಿ ಇಳಿದುಕೊಳ್ಳಿ, ಗಾಲ್ ಕೋಟೆ ಮರುದಿನ ದಾರಿಯಲ್ಲೇ ಸಿಗುತ್ತೆ. ನೀಲಿ ತಿಮಿಂಗಿಲ ನೋಡೋ ದೋಣಿ ಡಿಸೆಂಬರ್‌ನಿಂದ ಏಪ್ರಿಲ್ ತನಕ ಅಲ್ಲಿಂದ ಹೊರಡುತ್ತೆ, ಬೆಳಗ್ಗೆ ಆರೂವರೆಗೆ. ನಾಲ್ಕೈದು ಗಂಟೆ ಕಡಲಲ್ಲಿ. ವಾಂತಿ ಮಾತ್ರೆಯನ್ನ ಹತ್ತೋಕೆ ಅರ್ಧ ಗಂಟೆ ಮೊದಲೇ ನುಂಗಬೇಕು, ತಲೆ ಸುತ್ತಿದ ಮೇಲೆ ನುಂಗಿದರೆ ಅದೇ ಮೊದಲು ಹೊರಗೆ ಬರೋದು. ಅತ್ತೆಯವರು ದಡದಲ್ಲೇ ಇರಲಿ. ವಿಮಾನ ರಾತ್ರಿಯದಾದರೆ ಮಾತ್ರ ಈ ದೋಣಿ, ಮಧ್ಯಾಹ್ನದ್ದಾದರೆ ಬೇಡ.